ಬೂಟು ಕಾಯುವವಳು

ಶನಿವಾರ ಹತ್ತರಿಂದ ಮೂರು, ನನ್ನ ಕೆಲಸ ಬೂಟು ಕಾಯುವುದು.
ಸಂಬಳವಿಲ್ಲ. ಎದೆಯ ಮೇಲೆ ಹೆಸರಿನ ಬಿಲ್ಲೆ,
ಕೈಯಲ್ಲಿ ಹಿತ್ತಾಳೆ ಟೋಕನ್ನುಗಳ ಡಬ್ಬಿ.
ನಂಜನಗೂಡಿನ ಗುಡಿಯ ಮುಂದೆ ಚಪ್ಪಲಿ ಕಾಯುತ್ತಿದ್ದ
ಒಕ್ಕಣ್ಣಿನ ಮುದುಕಿಗಾದರೂ ನಾಲ್ಕಾಣೆ ಸಿಗುತ್ತಿತ್ತು,
ಒಳಗಿರುವವನು ದೇವರು ಎಂಬ ಭರವಸೆಯೂ.

ಇಲ್ಲಿ ಒಳಗಿರುವುದು ನೆಲ.
ಓಹಿಯೋದ ಈ ಟೈರಿನ ಊರಿನ ಮ್ಯೂಸಿಯಮ್ಮಿನಲ್ಲಿ
ಗೋಡೆಯಿಂದ ಗೋಡೆಗೆ ಹಾಸಿದ ನಕಾಶೆ,
ಐವತ್ತೊಂದನೆಯ ಇಸವಿಯ ಊರು:
ಮನೆಗೊಂದು ಚೌಕ, ಚೌಕಕ್ಕೊಂದು ನಂಬರು,
ಇಟ್ಟಿಗೆಯದು ಗುಲಾಬಿ, ಮರದ್ದು ಹಳದಿ.
ಬೆಂಕಿ ವಿಮೆಯವರು ಬರೆಸಿಟ್ಟುಕೊಂಡದ್ದು,
ಯಾವ ಮನೆ ಎಷ್ಟು ಬೇಗ ಉರಿದೀತೆಂದು ತಿಳಿಯಲು.
ಯಾವುದೂ ಉರಿಯಲಿಲ್ಲ.
ಹೆದ್ದಾರಿ ಬಂತು.

ಬೂಟು ಬಿಚ್ಚಿಸುವುದು ವಿನೈಲ್ ಹಾಳಾಗದಿರಲಿ ಎಂದಷ್ಟೇ.
ಆದರೂ ಕಾಲ್ಚೀಲದಲ್ಲಿ ಮನುಷ್ಯರು ಬೇರೆಯೇ.
ಹೆಬ್ಬೆರಳು ಇಣುಕಿದ ಪಾದ್ರಿ ನಾಚಿ ನಗುತ್ತಾನೆ.
ನಮ್ಮನೆ ಎಲ್ಲಿ ಎಂದು ಕೇಳಿದ ಹುಡುಗನಿಗೆ
ರೈಲು ಹಳಿ ತೋರಿಸಿದೆ; ಅವನು ಅಲ್ಲೇ ಕೂತು
ಅರ್ಧ ಗಂಟೆ ರೈಲಾದ.

ಒಡೆಸಾ ಟಾರ್ಪ್ಲಿ, ಎಂಬತ್ತಾರು,
ಊರುಗೋಲನ್ನು ನನಗೊಪ್ಪಿಸಿ ಕ್ಯಾಲವೇ ಬೀದಿಗೆ ಇಳಿಯುತ್ತಾಳೆ.
ಯಾರ ಚೌಕವನ್ನೂ ತುಳಿಯುವುದಿಲ್ಲ,
ತಿರುವಿನಲ್ಲಿ ನಿಂತು ಎರಡೂ ಕಡೆ ನೋಡುತ್ತಾಳೆ.
ನೂರಾ ಹದಿನಾಲ್ಕು: ಅವಳ ಎರಡು ಪಾದಕ್ಕೆ ಸರಿಯಾಗಿ ಒಂದು ಮನೆ.
"ಇದು ಅಡುಗೆಮನೆ" ಎಂದು ಎಡ ಹಿಮ್ಮಡಿ ಒತ್ತುತ್ತಾಳೆ,
"ರಾತ್ರಿ ಪಾಳಿ ಮುಗಿಸಿದ ಅಪ್ಪ ಇಲ್ಲಿ ಕೂತು
ಕೈಯ ಕಾಡಿಗೆ ತೊಳೆಯುತ್ತಿದ್ದ. ಹೋಗುತ್ತಿರಲಿಲ್ಲ."

ನೂರಾ ಹದಿನಾರರಲ್ಲಿ ಲೂಷಸ್ ವೆನಬಲ್.
ಐವತ್ತೇಳು ವರ್ಷ ಒಬ್ಬರಿಗೊಬ್ಬರು ಎಲ್ಲಿದ್ದಾರೆಂದೇ ತಿಳಿಯದವರು
ಕಳೆದ ವರ್ಷ ಈ ನೆಲದ ಮೇಲೆ ಸಿಕ್ಕರು.
ಮೊದಲ ಮಾತೇ ಜಗಳ:
ಪೇರ್ ಮರ ನಮ್ಮದು.
ಬೇರು ಇರಬಹುದಪ್ಪ, ಹಣ್ಣು ನಮ್ಮದು.
ವಿಮೆಯವರು ಮರ ಬರೆದಿರಲಿಲ್ಲ.
ಮೇಲ್ವಿಚಾರಕಿ ಹಲುಷ್ಕಾ ಸೀಮೆಸುಣ್ಣ ತಂದುಕೊಟ್ಟಳು.
ಅಂದಿನಿಂದ ಪ್ರತಿ ಶನಿವಾರ ಎರಡು ಮರ ಏಳುತ್ತವೆ,
ಸೋಮವಾರ ಒದ್ದೆಬಟ್ಟೆಯಲ್ಲಿ ಎರಡನ್ನೂ ಕಡಿಯುತ್ತಾರೆ.

ಮೊನ್ನೆ ಒಬ್ಬ ಹೊಸಬ. ವೆಂಡೆಲ್ ಕ್ರೌಟರ್. ಬಗ್ಗಲಾರ;
ಲೇಸು ನಾನೇ ಬಿಚ್ಚಿದೆ.
ಎಲ್ಲರನ್ನೂ ಕೇಳುವಂತೆ ಕೇಳಿದೆ, ನಿಮ್ಮ ಮನೆ ಯಾವುದು?
"ಮನೆಯಲ್ಲ. ಗೂಟ ಹೊಡೆದವನು ನಾನು.
ಸರ್ವೆ ಇಲಾಖೆ. ಇಪ್ಪತ್ತೆರಡು ವಯಸ್ಸು."
ನಲವತ್ತೊಂದನೆಯ ಟೋಕನ್ ಕೊಟ್ಟೆ. ಇನ್ನೇನು ಕೊಡಲಿ.

ಅಂಚಿನಲ್ಲೇ ನಿಂತ.
ಹೇಳಿದ, ತನ್ನ ಕಾಲಿಗೇ ಹೇಳುವಂತೆ.
ಯಾರೂ ಮಾತಾಡಲಿಲ್ಲ; ಕಿಟಕಿಯಾಚೆ ಲಾರಿಗಳು.
ಒಡೆಸಾ ನೋಡಿದಳು, ಬಹಳ ಹೊತ್ತು,
ಕ್ಷಮೆಯಂಥದ್ದೇನೂ ಇರಲಿಲ್ಲ ಆ ಮುಖದಲ್ಲಿ.
"ನೀವು ನಿಂತಿರುವುದು ಮಿಸೆಸ್ ಬಾಯ್ಕಿನ್ ಹಿತ್ತಿಲು.
ಅವರ ನಾಯಿ ಕಚ್ಚುತ್ತದೆ. ಈಚೆ ಬನ್ನಿ."

ಬಂದ. ಹೆಜ್ಜೆ ಅಳೆದು ಬಂದ, ಹಳೆಯ ಅಭ್ಯಾಸ.
ಸುಣ್ಣದ ಎರಡು ಮರಗಳ ನಡುವೆ ನಿಂತು
"ಎರಡೂ ತಪ್ಪು" ಎಂದ.
"ಮರ ಇದ್ದದ್ದು ಗೆರೆಯ ಮೇಲೆ. ಇಂಚೂ ಆಚೀಚೆ ಇಲ್ಲ.
ಕೆಂಪು ಪಟ್ಟಿ ಕಟ್ಟಿದವನು ನಾನೇ."
ಲೂಷಸ್ ಸೀಮೆಸುಣ್ಣ ಜೇಬಿಗಿಳಿಸಿದ.

"ಹಣ್ಣಿತ್ತೇ ಆವತ್ತು?"
"ಇತ್ತು. ಒಂದು ತಿಂದೆ."
"ಹೇಗಿತ್ತು?"
"ಕಾಯಿ."
"ಎರಡು ವಾರ ಕಾಯಬೇಕಿತ್ತು ನೀವು," ಎಂದಳು ಒಡೆಸಾ.

ಮೂರಕ್ಕೆ ಬಾಗಿಲು ಹಾಕಿ ಟೋಕನ್ ಎಣಿಸಿದೆ.
ನಲವತ್ತೊಂದು ಇಲ್ಲ.
ಲೇಸು ಕಟ್ಟಿ ಕಳಿಸಿದವಳು ನಾನೇ, ಕೇಳಲು ಮರೆತೆ.
ಪುಸ್ತಕದಲ್ಲಿ ಕಳೆದಿದೆ ಎಂದು ಬರೆಯಬೇಕು;
ಬರೆದಿಲ್ಲ.
ಶನಿವಾರದವರೆಗೆ ನೋಡೋಣ.