ಹಿತ್ತಿಲ ಪಾಳಿ

ಎಟೆಲ್ಕಳ ಅರ್ಜಿಯಲ್ಲಿ ಲಕಾತೋಶ್ ಎಂಬ ರೋಮಾ ಹೆಸರು ಕಂಡದ್ದೇ
'ಕೆಲಸ ನಿನ್ನೆಯೇ ತುಂಬಿತು' ಅಂದ ಬೊಡ್ನಾರ್.
ಬೋರ್ಡು ಬೇಕರಿಯ ಗಾಜಿಗೆ ಇನ್ನೂ ಅಂಟಿಕೊಂಡೇ ಇತ್ತು.

ಮಿಶ್ಕೋಲ್ಟ್ಸ್‌ನ ಅದೇ ಟ್ರಾಮ್ ಬೀದಿಯಲ್ಲಿ
ಏಪ್ರಿಲ್‌ಗೆ ಸೆಂಟೆಶಿ ಅಂಗಡಿ ತೆರೆದ.
ಅವನೇನು ಸಂತನಲ್ಲ; ಲೆಕ್ಕ ಬಲ್ಲವನು:
ಅಗ್ಗದ ಕೂಲಿ, ಹದವರಿತ ಕೈ.
ಅವಳು ನಾದಿದ ಹಿಟ್ಟು ಉಬ್ಬಿತು,
ಬೊಡ್ನಾರನ ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿದರು.

ಪೈಪೋಟಿ ಎಂಥ ಮಡಿಯನ್ನೂ ಮುರಿಯುತ್ತದೆ ಅಂದರು ತಿಳಿದವರು.
ಎಟೆಲ್ಕ ಬರುವುದು ರಾತ್ರಿ ಎರಡಕ್ಕೆ, ಹಿತ್ತಿಲಿಂದ;
ಮೊದಲ ಟ್ರಾಮಿಗೆ ಮುನ್ನ ಮಾಯವಾಗಬೇಕು.
ಕೈ ಯಾರದೆಂದು ಗೊತ್ತಾದರೆ ಬ್ರೆಡ್ಡು ಗಂಟಲಿಳಿಯದು.

ಮೊನ್ನೆ ಕತ್ತಲ ಓಣಿಯಲ್ಲಿ ಬೊಡ್ನಾರ್ ಕಾದು ನಿಂತಿದ್ದ,
ಹಿಟ್ಟಿನ ಧೂಳಿಲ್ಲದ ಏಪ್ರನ್ನಿನಲ್ಲಿ.
ಗಂಟೆಗೆ ನೂರು ಫೊರಿಂಟ್ ಜಾಸ್ತಿ ಕೊಡುತ್ತಾನಂತೆ.

ಅವಳು ಕೇಳಿದಳು:
'ಬಾಗಿಲು ಯಾವುದು?'