ಹನ್ನೊಂದನೆಯ ರಾತ್ರಿ

ಎರಡು ಇಪ್ಪತ್ತು. ಸುರತ್ಕಲ್ಲಿನ ಲ್ಯಾಬಿನಲ್ಲಿ
ಸರ್ವರಿಗೆ ಏದುಸಿರು.
ಮೆಮೊರಿ ಭರ್ತಿ, ಸ್ವಾಪಿನ ಫುಟ್‌ಬೋರ್ಡಿಗೂ ಜನ ಜೋತು,
ಸ್ಟೇಟ್‌ಬ್ಯಾಂಕಿಗೆ ಹೋಗುವ ಎಂಟೂವರೆ ಬಸ್ಸು.

ಕಂಡಕ್ಟರಾದರೆ ‘ದುಂಬು ಪೋಲೆ’ ಅಂತಾದರೂ ಕೂಗುತ್ತಿದ್ದ.
ಕರ್ನೆಲ್ ಏನೂ ಅನ್ನಲಿಲ್ಲ.
ಅತಿ ದೊಡ್ಡ ಗಂಟು ಯಾರದೆಂದು ನೋಡಿತು,
ಇಳಿಸಿಬಿಟ್ಟಿತು.

ಝುಲೈಖಾಳ ಬಂಗುಡೆ ಲೆಕ್ಕ.
ಹತ್ತು ದಿನ ಓಡಿತ್ತು, ಬೆಳಗಾದರೆ ಮುಗಿಯುತ್ತಿತ್ತು.
ಲಾಗಿನಲ್ಲಿ ಒಂದೇ ಸಾಲು: ಕೊಲ್ಲಲಾಗಿದೆ.

ಜಾಗ ತಿಂದದ್ದು ಅವಳಲ್ಲ.
ನಾನೇ ಎಬ್ಬಿಸಿ ಮರೆತ ನಲವತ್ತು ಪ್ರೋಸೆಸ್ಸು,
ಒಂದೊಂದೂ ಸಣ್ಣದು,
ಅದಕ್ಕೇ ಬಚಾವು.

ಎಲ್ಲರಿಗೂ ಮಿತಿ ಬರೆದವಳು ನಾನು,
ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.
ಈಗ ಸೇರಿಸಿದೆ: ಲವೀನಾ, ಎಂಟು ಜೀಬಿ.

ಕಡಲ ಕಡೆಯಿಂದ ಮೊದಲ ಬೋಟಿನ ಸದ್ದು.
ಅವಳಿಗೆ ‘ಕ್ಷಮಿಸು’ ಎಂದು ಟೈಪಿಸಿ
ಅಳಿಸಿ
ಮತ್ತೆ ಟೈಪಿಸುತ್ತಿದ್ದೇನೆ.