ಮೂರರಿಂದ ನಾಲ್ಕಕ್ಕೆ

ಸ್ಟಾರ್ಟ್ ಮಾಡಬೇಡಿ ಎಂದೆ.
ನುಕಾಗಾ ಅವರ ಕೈ ಆಗಲೇ ಕೀಲಿಯ ಮೇಲಿತ್ತು,
ಎಳೆದು ತಂದ ಲಾರಿಯವನು ಕೊಕ್ಕೆ ಬಿಚ್ಚುತ್ತಿದ್ದ.
ಶಿಮೊತ್ಸುಮಾದ ಬಯಲಲ್ಲಿ ಭತ್ತದ ಕೊಯ್ಲು ಮುಗಿದು
ಹೊಟ್ಟು ಸುಡುವ ಹೊಗೆ. ಅದರಾಚೆ
ಟ್ರ್ಯಾಕಿನಲ್ಲಿ ಇನ್ನೂ ಸುತ್ತುತ್ತಿರುವವರ ಗುಂಯ್‌ಗಾಟ.

"ಒಂದೇ ಕ್ಷಣ. ಮೂರರಿಂದ ನಾಲ್ಕಕ್ಕೆ ಹೋಗಬೇಕಿತ್ತು,
ಎರಡಕ್ಕೆ ಬಿತ್ತು."
ಬಿತ್ತು ಎಂದರು. ಹಾಕಿದೆ ಅನ್ನಲಿಲ್ಲ.
ಈ ಶೆಡ್ಡಿಗೆ ಬಂದವರೆಲ್ಲ ಅನ್ನುವುದು ಹಾಗೇ:
ಗೇರು ತಾನಾಗಿ ಬೀಳುತ್ತದೆ,
ಗೋಡೆ ತಾನಾಗಿ ಎದುರು ಬರುತ್ತದೆ.

ಎಂಜಿನ್ ಚಕ್ರವನ್ನು ಓಡಿಸುವುದು ವಾಡಿಕೆ.
ಆ ಕ್ಷಣ ಚಕ್ರ ಎಂಜಿನ್ನನ್ನು ಓಡಿಸಿತು.
ಒಂಬತ್ತು ಸಾವಿರಕ್ಕೆ ಕೆಂಪು ಗೆರೆ; ಮುಳ್ಳು ಅದನ್ನೂ ದಾಟಿ
ಅಂಕಿಯೇ ಇಲ್ಲದ ಕಪ್ಪಿನಲ್ಲಿ ಹೋಗಿ ಮಲಗಿತಂತೆ.
ಮಿತಿ ಕಾಯುವ ಕಂಪ್ಯೂಟರು ಪೆಟ್ರೋಲು ನಿಲ್ಲಿಸಿತು.
ಅದರ ಕೈಲಾದದ್ದು ಅಷ್ಟೇ.

ಪ್ಲಗ್ಗುಗಳನ್ನು ಬಿಚ್ಚಿ ಕ್ರ್ಯಾಂಕನ್ನು ಕೈಯಿಂದಲೇ ತಿರುಗಿಸಿದೆ,
ನಿದ್ದೆ ಹೋದ ಮಗುವಿನ ತೋಳು
ಮಗ್ಗುಲಿಗೆ ಸರಿಸುವಷ್ಟು ನಿಧಾನ.
ಎಲ್ಲೂ ತಡೆಯಲಿಲ್ಲ. ಅವರು ಉಸಿರು ಬಿಟ್ಟರು.
ಬೇಗ ಬಿಟ್ಟರು.

ಗೇಜು ಹಚ್ಚಿದೆ. ಒಂದನೆಯದು ಹದಿನೈದು.
ಎರಡನೆಯದು ಹದಿನೈದು ಚಿಲ್ಲರೆ.
ಮೂರನೆಯದು ಆರು.
ನಾಲ್ಕನೆಯದನ್ನು ನೋಡುವ ಹೊತ್ತಿಗೆ ಅವರು ಎದ್ದು ಹೋಗಿ
ಡಬ್ಬದ ಕಾಫಿ ತಂದಿದ್ದರು, ಎರಡು, ಬಿಸಿಬಿಸಿ.

ಮೂರನೆಯ ಸಿಲಿಂಡರಿಗೆ ಗಾಳಿ ತುಂಬಿ ಕಿವಿಗೊಟ್ಟೆ.
ಎಣ್ಣೆ ಹೊಯ್ಯುವ ಬಾಯಲ್ಲಿ ಸದ್ದಿಲ್ಲ: ರಿಂಗುಗಳು ಉಳಿದಿವೆ.
ಗಾಳಿ ಎಳೆಯುವ ಮೂತಿಯಲ್ಲೂ ಇಲ್ಲ.
ಹಿಂದೆ, ಸೈಲೆನ್ಸರಿನ ಹತ್ತಿರ ಮಂಡಿಯೂರಿದರೆ
ಹಲ್ಲುಸಂದಿಯಿಂದ ಯಾರೋ ಗುಟ್ಟು ಬಿಟ್ಟಂತೆ
ಸ್‌ಸ್‌ಸ್...
"ಕೇಳಿ" ಎಂದು ಜಾಗ ಬಿಟ್ಟುಕೊಟ್ಟೆ.
ಅರವತ್ತಾರರ ಮನುಷ್ಯ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ
ನೆಲಕ್ಕೆ ಬಾಗಿ ಬಹಳ ಹೊತ್ತು ಕೇಳಿದರು,
ನನಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಪ್ಲಗ್ಗಿನ ತೂತಿನಲ್ಲಿ ಕ್ಯಾಮೆರಾ ಇಳಿಸಿದಾಗ
ಪಿಸ್ಟನ್ನಿನ ಮಸಿಹಿಡಿದ ನೆತ್ತಿಯ ಮೇಲೆ
ಹೊಳೆಯುವ ಒಂದು ಬಿದಿಗೆ ಚಂದ್ರ:
ಮುಚ್ಚಿಕೊಳ್ಳಲು ತಡವಾದ ವಾಲ್ವನ್ನು
ಕೆಳಗಿನಿಂದ ಬಂದು ಗುದ್ದಿದ ಗುರುತು.
ಆಮೇಲೆ ಎಣ್ಣೆಯ ಫಿಲ್ಟರ್ ಕೊಯ್ದು
ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದೆ.
ಉಕ್ಕಿನ ಚೂರಿಲ್ಲ, ತಾಮ್ರದ ಮಿಂಚಿಲ್ಲ.
ಬೇರಿಂಗು ಬದುಕಿದೆ, ಸದ್ಯಕ್ಕೆ.
ಸದ್ಯಕ್ಕೆ ಎಂಬುದನ್ನು ನಾನು ಬಿಲ್ಲಿನಲ್ಲೂ ಬರೆಯುತ್ತೇನೆ.

"ಕೈ ಏನು ಮಾಡಿತು, ತೋರಿಸಿ."
ಸ್ಟೂಲಿನ ಮೇಲೆ ಕೂತು ಎಡಗೈಯನ್ನು ಗಾಳಿಯಲ್ಲಿ ಎತ್ತಿದರು.
ಮೂರು. ಬಲ ತಿರುವು. ಮೈಯೆಲ್ಲ ಎಡಕ್ಕೆ ವಾಲಿತು,
ಮೈಯ ಜೊತೆ ಕೈಯೂ. ಎರಡು ಬೆರಳಿನಷ್ಟು.
ಕೈ ಅಲ್ಲೇ ನಿಂತಿತು, ಇಳಿಸಲು ಮರೆತರು.

"ಮೂವತ್ತೊಂದು ವರ್ಷ ಶಾಲೆಯ ಬಸ್ಸು, ತೊಮೊಎ.
ತಿರುವಿನಲ್ಲಿ ಗೇರು ಬದಲಿಸಿದವನಲ್ಲ.
ಎಷ್ಟು ಹೇಳಿದರೂ ಮಕ್ಕಳು ಎದ್ದು ನಿಲ್ಲುತ್ತಿದ್ದವು.
ರಸ್ತೆ ನೇರವಾಗಲಿ ಅಂತ ಕಾಯುತ್ತಿದ್ದೆ."
ಖಾಲಿ ಡಬ್ಬವನ್ನು ಬೆರಳಲ್ಲಿ ತಿರುಗಿಸುತ್ತ,
"ಇವತ್ತು ಹಿಂದೆ ಯಾರೂ ಇರಲಿಲ್ಲ."

ಹೆಡ್ಡು ಬಿಚ್ಚಿದ್ದು ಮಂಗಳವಾರ.
ಗಾಜಿನ ಮೇಲೆ ವಾಲ್ವುಗಳನ್ನು ಒಂದೊಂದಾಗಿ ಉರುಳಿಸಿದೆ.
ನೆಟ್ಟಗಿರುವವು ಸದ್ದಿಲ್ಲದೆ ಉರುಳಿದವು.
ಎರಡು ಮಾತ್ರ, ಕುಂಟನ ಕೋಲಿನ ಹಾಗೆ, ಟಕ್, ಟಕ್.
ಅವನ್ನು ಕೇಳಿ ಪಡೆದು, ಕರವಸ್ತ್ರದಲ್ಲಿ ಸುತ್ತಿ
ಜೇಬಿಗಿಟ್ಟುಕೊಂಡರು. ದುಡ್ಡು ಎಣಿಸಿ ಕೊಟ್ಟರು.

ನಮ್ಮ ಗೇಟು ದಾಟಿದ ಕೂಡಲೆ ಬಲ ತಿರುವು.
ಎರಡನೇ ಗೇರಿನಲ್ಲೇ
ಗೊಣಗುತ್ತ ಗೊಣಗುತ್ತ ಹೋಯಿತು ಕಾರು,
ರಸ್ತೆ ನೇರವಾಗುವ ತನಕ.